ಕಡಾ ತಂದ ದನಿ

ಶ್ರಾವಣ ಸೋಮವಾರ ಹೆಣ್ಣು ನೋಡಲು ಬಂದವರ ಮುಂದೆ ಶೇಖರಮ್ಮ ಒಂದು ಸುಳ್ಳು ಹೇಳಿದಳು. ಅಂಥಿಂಥ ಸುಳ್ಳಲ್ಲ, ಸಾಕ್ಷಾತ್ ಶಿವನನ್ನೇ ಜಾಮೀನು ಕೊಟ್ಟು ಹೇಳಿದ ಸುಳ್ಳು.

"ನಮ್ಮ ಭವಾನಿ ಇವತ್ತ ಮೌನ ಹಿಡಿದಾಳ್ರಿ. ಶ್ರಾವಣ ಸೋಮಾರ ಅಂದ್ರ ಹೊತ್ತು ಮುಣುಗೋತನಕ ಆಕಿ ಪಿಟ್ಟ್ ಅನ್ನಂಗಿಲ್ಲ."

ಯಲಬುರ್ಗಾ ಕಡೆಯ ಮಂಗಳೂರಿನಿಂದ ಮಗನನ್ನು ಕರೆದುಕೊಂಡು ಬಂದಿದ್ದ ವಿರೂಪಾಕ್ಷಮ್ಮ ಒಗ್ಗರಣಿ ಮಂಡಕ್ಕಿಯ ತಾಟು ಕೆಳಗಿಟ್ಟು ಕೈಮುಗಿದೇಬಿಟ್ಟಳು. "ಈಗಿನ ಕಾಲದಾಗ ಇಂಥಾ ಹುಡುಗ್ಯಾರು ಎಲ್ಲಿ ಸಿಗತಾರವ್ವಾ! ನಮ್ಮನ್ಯಾಗ ಎಲ್ಲಾರೂ ಮಾತಿನ ಮಲ್ಲರ ಅದಾರ." ಮಗ ಸಿದ್ದೇಶ ಗಿಣಿಗೇರಾದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು. ಅವನು ಓರೆಗಣ್ಣಿನಲ್ಲಿ ಭವಾನಿಯನ್ನು ನೋಡಿ, ಮಿರ್ಚಿ ಕಡಿದು, ಖಾರ ಹತ್ತಿ ಕೆಮ್ಮಿದ. ಭವಾನಿಗೆ ನಗು ಬಂತು. ನಕ್ಕರೆ ದನಿ ಹೊರಬೀಳುತ್ತದೆಂದು ತುಟಿ ಕಚ್ಚಿಕೊಂಡು ನೆಲ ನೋಡಿದಳು.

ಅವರು ಹೋದದ್ದೇ ತಡ, ಅಡುಗೆಮನೆಯಲ್ಲಿ ಜಗಳ ಶುರುವಾಯಿತು.

"ಅವ್ವಾ, ನಾ ಯಾವತ್ತ ಮೌನ ಹಿಡಿದೀನಿ?"

"ಮೆತ್ತಗ ಮಾತಾಡ! ಅವರಿನ್ನೂ ಅಗಸಿ ದಾಟಿಲ್ಲ."

"ನನ್ನ ದನಿ ಹಿಂಗೈತಿ ಅಂತ ಅವರಿಗೆ ಮೊದಲ ಹೇಳಬೇಕಿತ್ತು."

"ಹೇಳಿದ್ರ ಮಂಡಕ್ಕಿ ತಿಂದು ಕೈ ಒರಸಿಕೊಂಡು ಹೋಗತಿದ್ರು. ಹೋದ ವರ್ಷ ಸಿಂಧನೂರವರು ಹೋದಂಗ. ನೆನಪೈತೇನು?"

ನೆನಪಿಲ್ಲದೆ ಏನು! ಆ ದನಿಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಏಳನೇ ಇಯತ್ತೆ ಮುಗಿಯುವ ಹೊತ್ತಿಗೆ ಕಾರಟಗಿಯ ಆ ಓಣಿಯ ಹುಡುಗರ ಗಂಟಲು ಒಡೆಯಿತು, ಅವರ ಜೊತೆಗೆ ಭವಾನಿಯದೂ ಒಡೆಯಿತು. ಹುಡುಗರದು ಒಡೆದಾಗ "ದೊಡ್ಡಾಂವ ಆದ" ಎಂದು ಖುಷಿಪಟ್ಟ ಜನ, ಭವಾನಿಯದು ಒಡೆದಾಗ "ಅಯ್ಯ ಶಿವನ" ಎಂದರು. ಶೇಖರಮ್ಮ ಶುಂಠಿ ಕಷಾಯ ಕುಡಿಸಿದಳು, ಜೇಷ್ಠಮಧು ತಿನ್ನಿಸಿದಳು, ಹರಕೆ ಹೊತ್ತಳು. ಗಂಗಾವತಿಯ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಗಂಟಲಾ ಗಟ್ಟಿಮುಟ್ಟ ಐತ್ರಿ, ಆಕಿ ದನೀನ ಹಿಂಗ" ಎಂದು ಕಳಿಸಿದರು. ಹೈಸ್ಕೂಲಿನಲ್ಲಿ ಹೊಸ ಮಾಸ್ತರರು ಹಾಜರಿ ಕೂಗಿದಾಗ ಭವಾನಿ "ಎಸ್ ಸರ್" ಅಂದಳು. ಮಾಸ್ತರರು ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿ, ಹುಡುಗಿಯ ಹಾಜರಿ ನೀ ಯಾಕ ಹೇಳತೀಯಲೇ ಎಂದು ಬೆನ್ನಿಗೆ ಎರಡು ಬಿಟ್ಟರು. ಇಡೀ ಸಾಲೆಯೇ ನಕ್ಕಿತು. ಅವತ್ತಿನಿಂದ ಅವಳು ಭವಾನೆಪ್ಪ.

ಆಮೇಲೆ ಅವಳು ಮಾತನ್ನೇ ಕಡಿಮೆ ಮಾಡಿದಳು. ಬಿ.ಕಾಂ. ಮುಗಿಸಿದಳು, ಒಂದು ದಿನವೂ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ಮನೆಯ ಮುಂದಿನ ಭಾಗದಲ್ಲೇ ಅಪ್ಪ ಕರಿಬಸಪ್ಪನ ಕಿರಾಣಿ ಅಂಗಡಿ. ಅಲ್ಲಿ ಕೂಡುವ ಆಸೆಯಿದ್ದರೂ ಕೂಡಲಿಲ್ಲ. ಗ್ಯಾಸಿನವನಿಗೆ ಫೋನು ಮಾಡಿದರೆ "ಹೇಳ್ರಿ ಅಣ್ಣಾರ" ಅನ್ನುತ್ತಿದ್ದ. ಒಳಗೆ ರೊಟ್ಟಿ ಬಡಿಯುವುದು, ಶೇಂಗಾ ಚಟ್ನಿ ಕುಟ್ಟುವುದು, ಯಾರಾದರೂ ಬಂದರೆ ನಕ್ಕು ತಲೆಯಾಡಿಸುವುದು, ಇಷ್ಟೇ ಆಗಿತ್ತು ಅವಳ ದಿನ. ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ತನ್ನ ಗಂಟಲೆಂದರೇ ನಾಚಿಕೆ.

"ಸಾವಿರ ಸುಳ್ಳು ಹೇಳಿ ಒಂದ ಮದವಿ ಮಾಡಂದಾರ," ಎಂದಳು ಶೇಖರಮ್ಮ, ತಾಟು ತೊಳೆಯುತ್ತ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ, ಕರಿಬಸಪ್ಪನ ತಾಯಿ, ತಲೆ ಎತ್ತಿದಳು. "ಸಾವಿರ ಸುಳ್ಳು ಹೇಳಂದಾರ, ಖರೆ. ಒಂದ ಸುಳ್ಳನ್ನ ಸಾವಿರ ಸಲ ಹೇಳಂದಿಲ್ಲ. ಇನ್ನ ಆ ಹುಡುಗಿ ಜೀವನಪೂರ್ತಿ ಮೌನ ಹಿಡಿಬೇಕೇನು?"

"ತಾಳಿ ಬೀಳೋತನಕ ಸುಮ್ಕಿರ್ರಿ ಅತ್ತಿ, ಆಮ್ಯಾಲೆ ಎಲ್ಲಾ ಹೊಂದಿಕೋತೈತಿ."

ಹುಡುಗಿ ಒಪ್ಪಿಗೆ ಎಂದು ಮಂಗಳೂರಿನಿಂದ ಮರುದಿನವೇ ಸುದ್ದಿ ಬಂತು. ಭವಾನಿಗೂ ಹುಡುಗ ಮನಸ್ಸಿಗೆ ಬಂದಿದ್ದ, ಸುಳ್ಳೇಕೆ ಹೇಳಬೇಕು. ಆದರೆ ಅದರ ಮಾರನೇ ದಿನ ಸಿದ್ದೇಶ ಫೋನು ಮಾಡಿದ. ಶೇಖರಮ್ಮನ ಕೈಯಲ್ಲಿದ್ದ ಮೊಬೈಲು ಬಿಸಿ ಹೆಂಚಿನಂತೆ ಆಯಿತು. ಅವಳು ಅದನ್ನು ಭವಾನಿಗೂ ಕೊಡಲಿಲ್ಲ, ಕಟ್ಟೂ ಮಾಡಲಿಲ್ಲ. ಕಾಲೇಜಿಗೆ ಹೊರಟು ನಿಂತಿದ್ದ ಸಣ್ಣ ಮಗಳು ಲಲಿತಾಳ ಕಿವಿಗೆ ಹಚ್ಚಿದಳು.

"ಮಾತಾಡ. ನೀನ ಭವಾನಿ."

ಲಲಿತಾಳದು ಸಣ್ಣ ಇಂಪು ದನಿ. "ಹಲೋ... ಹ್ಞೂಂರಿ, ಊಟ ಆತ್ರಿ," ಎಂದಳು. ಅಕ್ಕನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಳು.

ಹೀಗೆ ಶುರುವಾಯಿತು ನೋಡಿ ಆ ನಾಟಕ. ಸಂಜೆ ಪಾಳಿ ಬಿಟ್ಟ ಕೂಡಲೇ ಸಿದ್ದೇಶನ ಫೋನು ಬರುತ್ತಿತ್ತು. ಭವಾನಿ ಪಕ್ಕದಲ್ಲಿ ಕೂತು ಕಿವಿಯಲ್ಲಿ ಪಿಸುಗುಟ್ಟುವುದು, ಲಲಿತಾ ಅದನ್ನು ಹೇಳುವುದು. ಮೊದಮೊದಲು ಮಾತು ಅಕ್ಕನವು, ದನಿ ತಂಗಿಯದು. ಬರಬರುತ್ತ ತಂಗಿಗೆ ರುಚಿ ಹತ್ತಿತು, ತನ್ನ ಮಾತೂ ಸೇರಿಸತೊಡಗಿದಳು. ಒಂದು ದಿನ ಅವನು ಊಟಕ್ಕೆ ಏನು ಸೇರುತ್ತದೆ ಎಂದು ಕೇಳಿದ. ಲಲಿತಾ ಅಕ್ಕನ ಮಾತಿಗೆ ಕಾಯದೆ, "ಹಾಗಲಕಾಯಿ ಪಲ್ಯ ಅಂದ್ರ ಜೀವರಿ" ಎಂದುಬಿಟ್ಟಳು.

ಫೋನು ಇಟ್ಟ ಮೇಲೆ ಭವಾನಿ ತಂಗಿಯ ರಟ್ಟೆ ಹಿಡಿದಳು. "ಹಾಗಲಕಾಯಿ ನೋಡಿದ್ರ ನನಗ ಹೊಟ್ಟಿ ತೊಳಸತೈತಿ. ಯಾರ ಮದವೀಲೇ ಇದು?"

"ಬಾಯಿಗೆ ಬಂತಕ್ಕಾ, ಅಂದೆ. ನನಗೇನ್ ಹೌಸೇನು? ನಾಳಿಂದ ನೀನ ಮಾತಾಡ." ಲಲಿತಾಳ ಕಣ್ಣಲ್ಲಿ ನೀರು ಬಂತು. "ಅವರು 'ಭವಾನಿ' ಅಂದಾಗೆಲ್ಲ ನನಗ ಕಳವು ಮಾಡಿದಂಗ ಆಗತೈತಿ."

ಭವಾನಿ ಕೈಬಿಟ್ಟಳು. ಅವತ್ತು ಅವಳಿಗೆ ರೊಟ್ಟಿ ಇಳಿಯಲಿಲ್ಲ. ಅವನು ದಿನದಿನಕ್ಕೆ ಹತ್ತಿರ ಆಗುತ್ತಿದ್ದ, ಆದರೆ ಅವನು ಹತ್ತಿರ ಆಗುತ್ತಿದ್ದುದು ತನಗಲ್ಲ ಅನ್ನಿಸಿತು.

ಗಣಪತಿ ಹಬ್ಬ ಹತ್ತಿರ ಬಂತು. ಪಕ್ಕದ ಮನೆಯ ಬಾಷಾಬಿ ಬಟ್ಟೆ ಹೊಲಿಯುವವಳು. ಆ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿ ಹಾಕಿದ್ದಳು. ಮಗ ಯೂಸುಫನದು ಮೈಕಿನ ಆಟೋ. ಅಂಗಡಿಯವರ ಪ್ರಚಾರ, ಸತ್ತವರ ಸುದ್ದಿ, ನೀರು ಬಿಡುವ ಸುದ್ದಿ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಊರೆಲ್ಲ ತಿರುಗಿಸುತ್ತಿದ್ದ. ತಾಯಿಯ ಅಂಗಡಿಯ ಸೇಲ್ ಸಾರಬೇಕೆನ್ನುವ ದಿನವೇ ನೆಗಡಿ ಬಂದು ಅವನ ಗಂಟಲು ಕಟ್ಟಿತು.

ಬಾಷಾಬಿ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು. "ಬೇಟಾ ಭವಾನಿ, ನೀ ಹೇಳಿಬಿಡ. ನಾಲ್ಕ ಸಾಲು."

ಭವಾನಿ ಗಾಬರಿಯಾದಳು. "ನಾನಾ? ನನ್ನ ದನಿ ಕೇಳಿದ್ರ ಬರೋ ಗಿರಾಕಿನೂ ಓಡಿ ಹೋಗತಾರ ಬಾಷಾಬಿ."

"ಅರೇ, ಯಾರಂದ್ರು ಹಂಗ? ಎಷ್ಟ ವರ್ಷದಿಂದ ಗ್ವಾಡಿ ಈಕಡಿ ಕುಂತು ಕೇಳಾಕತ್ತೀನಿ. ಸಣ್ಣಾಕಿ ದನಿ ಆಟೋ ಸಪ್ಪಳದಾಗ ಕೊಚ್ಚಿಕೊಂಡು ಹೊಕ್ಕೈತಿ. ನಿಂದು ನಿಂದರತೈತಿ. ನನಗ ದಂಧಾ ಆಗಬೇಕು ಬೇಟಾ, ನಾ ಏನ್ ಪುಗಸಟ್ಟೆ ಹೊಗಳಾಕತ್ತಿಲ್ಲ."

ಶೇಖರಮ್ಮ ಸಂತೆಗೆ ಹೋಗಿದ್ದಳು. ಹೆದರುತ್ತಲೇ ಭವಾನಿ ಗೋಡೆ ಸುತ್ತಿ ಹೋದಳು. ಮೊದಲ ಸಲ ಪಿಸುಗುಟ್ಟಿದಳು, ಯೂಸುಫ ಕಟ್ಟಿದ ಗಂಟಲಲ್ಲೇ "ಹೊಟ್ಟ್ಯಾಗಿಂದ ಬರ್ಲಿ ಅಕ್ಕಾ" ಅಂದ. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಹೇಳಿದಳು. ಗಂಟಲು ತಾನಾಗಿ ತೆರೆಯಿತು. "ಬರ್ರಿ ಅಕ್ಕಾರ, ಬರ್ರಿ ಅವ್ವಾರ! ಹಬ್ಬ ಬಂತು ಹೊಸ್ತಿಲಿಗೆ, ಸೀರಿ ಬಂದಾವು ಬಾಷಾಬಿ ಅಂಗಡಿಗೆ!" ಮುಗಿದಾಗ ಬಾಷಾಬಿ ಅವಳ ಕೆನ್ನೆ ಸವರಿ ಬೆರಳು ಲಟಿಕೆ ಮುರಿದಳು.

ಮರುದಿನ ಬೆಳಿಗ್ಗೆ ಭವಾನಿ ರೊಟ್ಟಿ ಬಡಿಯುತ್ತಿದ್ದಾಗ ಓಣಿಯ ತುದಿಯಿಂದ ಒಂದು ದನಿ ಬಂತು. ತುಂಬಿದ ದನಿ, ಗಂಭೀರವಾಗಿ, ಕರೆದರೆ ಎದ್ದು ಹೋಗಬೇಕು ಅನ್ನಿಸುವಂಥದ್ದು. ಎಷ್ಟು ಚೆಂದ ಐತಲ್ಲ ಅಂದುಕೊಂಡಳು. ಅಂದುಕೊಂಡ ಮೇಲೆ ಅದು ಯಾರದೆಂದು ಹೊಳೆಯಿತು! ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು, ಹೆಂಚಿನ ಮೇಲಿನದು ಕರಿಹತ್ತಿತು. ಅವಳಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಇದು ನಾನು! ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದು ಇದನ್ನೇನು?

ಅಷ್ಟರಲ್ಲಿ ಮುಂದಿನ ಅಂಗಡಿಯಲ್ಲಿ ಗಿರಾಕಿಯೊಬ್ಬ ಕೇಳಿದ್ದು ಒಳಗೆ ಕೇಳಿಸಿತು. "ಯಾರ್ರಿ ಸಾವ್ಕಾರ್ರ ಹೇಳಿದಾಂವ? ಭಾಳ ಛಲೋ ಹೇಳ್ಯಾನ."

ಕರಿಬಸಪ್ಪನಿಗೆ ಆ ದನಿ ಗೊತ್ತಿಲ್ಲವೇ? ಹೆತ್ತ ಮಗಳದು. ಆದರೂ ತಕ್ಕಡಿಯಿಂದ ಕಣ್ಣೆತ್ತದೆ, "ಯಾರೋ ಗಂಗಾವತ್ಯಾಂವ ಇರಬೇಕ ಬಿಡ್ರಿ," ಎಂದ.

ಭವಾನಿಯ ಎದೆಗೆ ಕಲ್ಲು ಬಿದ್ದಂತಾಯಿತು. ಭವಾನೆಪ್ಪ ಎಂದು ಊರೆಲ್ಲ ಕರೆದಾಗಲೂ ಇಷ್ಟು ನೊಂದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದಳು, ಆಟೋಕ್ಕೆ ಅಡ್ಡ ನಿಂತಳು. "ಯೂಸುಫ, ಇನ್ನೊಮ್ಮೆ ರೆಕಾರ್ಡ್ ಮಾಡ. ಕಡೀಕ ಒಂದ ಮಾತು ಸೇರಸೋದೈತಿ."

ಮಧ್ಯಾಹ್ನದ ಹೊತ್ತಿಗೆ ಕಾರಟಗಿಯ ಓಣಿ ಓಣಿಯಲ್ಲಿ ಮೈಕು ಕೂಗತೊಡಗಿತು: "...ಬಾಷಾಬಿ ಅಂಗಡಿಗೆ! ಹೇಳಾಕತ್ತಾಕಿ ನಾನು, ಭವಾನಿ, ಕಿರಾಣಿ ಕರಿಬಸಪ್ಪನವರ ಹಿರೇ ಮಗಳು!"

ಮನೆಯಲ್ಲಿ ರಾಮಾಯಣವೇ ಆಯಿತು. ಶೇಖರಮ್ಮ ಹಣೆ ಹಣೆ ಬಡಿದುಕೊಂಡಳು. "ಇದ್ದದ್ದನ್ನ ಹಾಳ ಮಾಡಿದಿ! ಮಂಗಳೂರವರಿಗೆ ಯಾರರ ಹೇಳಿದ್ರಂದ್ರ?"

"ಹೇಳಲಿ. ನಾನೇನ್ ಕಳವು ಮಾಡೀನೇನು?"

"ನೋಡ್ರಿ, ನಿಮ್ಮ ಮಗಳಿಗೆ ಬುದ್ಧಿ ಹೇಳ್ರಿ!"

ಕರಿಬಸಪ್ಪ ಊಟದ ತಾಟಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ಭವಾನಿ ಅವನ ತಾಟಿಗೆ ರೊಟ್ಟಿ ಹಾಕಿ ಕೇಳಿದಳು, "ಅಪ್ಪಾ, ಗಂಗಾವತ್ಯಾಂವ ಯಾರು?"

ಅವನು ಕೈಯಲ್ಲಿದ್ದ ತುತ್ತು ತಾಟಿಗಿಟ್ಟ. ನೀರು ಕುಡಿದು, "ತಪ್ಪಾತವ್ವಾ," ಎಂದ. ಎಷ್ಟು ಸಣ್ಣಗೆ ಎಂದರೆ, ಅಜ್ಜಿ "ಏನಂದ್ಯೋ?" ಎಂದು ಎರಡು ಸಲ ಕೇಳಬೇಕಾಯಿತು.

ಅದೃಷ್ಟವೋ ದುರದೃಷ್ಟವೋ, ಮೈಕಿನ ಸುದ್ದಿ ಮಂಗಳೂರು ಮುಟ್ಟಲಿಲ್ಲ. ಹಬ್ಬ ಮುಗಿದ ಮೇಲೆ ನಿಶ್ಚಯದ ದಿನ ಗೊತ್ತಾಯಿತು. ಫೋನಿನಲ್ಲಿ ತಾನೇ ಎಲ್ಲ ಹೇಳಿಬಿಡಬೇಕೆಂದು ಭವಾನಿ ಎಷ್ಟೋ ಸಲ ಕೈಚಾಚಿದಳು. ಶೇಖರಮ್ಮ ಮೊಬೈಲನ್ನು ಸೊಂಟಕ್ಕೆ ಸಿಗಿಸಿಕೊಂಡೇ ತಿರುಗಾಡಿದಳು. ಈಗ ಅವಳ ಚಿಂತೆ ಒಂದೇ, ಒಡಪು. ನಮ್ಮ ಕಡೆ ನಿಶ್ಚಯದಲ್ಲೂ ಹೆಂಗಸರು ಬಿಡುವುದಿಲ್ಲ. ಉಡಿ ತುಂಬಿದ ಮೇಲೆ ಹುಡುಗಿ ಪ್ರಾಸ ಕಟ್ಟಿ ಒಂದು ಪದ ಹೇಳಿ ಅದರೊಳಗೆ ಗಂಡಾಗುವವನ ಹೆಸರು ಸೇರಿಸಬೇಕು, ಹುಡುಗನೂ ಹಾಗೇ ಹೆಣ್ಣಿನ ಹೆಸರು ಹೇಳಬೇಕು. ಅದೇ ಒಡಪು. ಹೇಳದಿದ್ದರೆ ಊಟಕ್ಕೆ ಏಳಗೊಡುವುದಿಲ್ಲ.

ಶೇಖರಮ್ಮ ಅದಕ್ಕೂ ದಾರಿ ಹುಡುಕಿದಳು. "ಭವಾನಿ ಸೆರಗು ಮುಂದ ಎಳಕೊಂಡು ತಲಿ ತಗ್ಗಿಸಿ ಕೂಡಲಿ. ಲಲಿತಾ ಬೆನ್ನಿಗೆ ಹತ್ತಿ ಕುಂತು ಹೇಳಲಿ. ಯಾರಿಗೆ ಗೊತ್ತಾಗತೈತಿ?"

"ದೇವರಿಗೆ," ಎಂದಳು ಅಜ್ಜಿ.

"ದೇವರೇನ್ ಹುಡುಗನ ಕಡ್ಯಾಂವ ಅಲ್ಲ ಬಿಡ್ರಿ!"

ನಿಶ್ಚಯದ ದಿನ ಮನೆ ತುಂಬ ಜನ. ಹೋಳಿಗೆಯ ಘಮ, ಎಣ್ಣಿಗಾಯಿಯ ಘಮ, ಹೊಸ ಸೀರೆಗಳ ಸರಪರ. ಭವಾನಿಯ ಉಡಿ ತುಂಬಿ, ಅರಿಷಿಣ ಕುಂಕುಮ ಹಚ್ಚಿ, ವಿರೂಪಾಕ್ಷಮ್ಮನೇ ನಗುತ್ತ ಶುರು ಮಾಡಿದಳು. "ಇವತ್ತ ಸೋಮಾರ ಅಲ್ಲವ್ವಾ, ಮೌನ ಮುಗೀತು. ನನ್ನ ಮಗನ ಹೆಸರ ಹೇಳು!"

"ಹೇಳು! ಹೇಳು!" ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಬೆನ್ನ ಹಿಂದೆ ಲಲಿತಾ ಅಕ್ಕನ ಸೆರಗಿನ ಮರೆಗೆ ಸರಿದಳು. "ಬೆಳ್ಳಿ ಬಟ್ಟಲದಾಗ..." ಎಂದು ಲಲಿತಾ ಬಾಯಿ ತೆರೆದಳು.

ಭವಾನಿ ಕೈ ಹಿಂದೆ ಮಾಡಿ ತಂಗಿಯ ಮಂಡಿ ಒತ್ತಿದಳು. ಸುಮ್ಮನಿರು ಅಂದ ಹಾಗೆ. ಸೆರಗು ಹಿಂದೆ ಸರಿಸಿದಳು. ಈಗ ಬಾಯಿ ಬಿಟ್ಟರೆ ಮದುವೆ ಮುರಿಯಬಹುದು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುರಿದರೆ ಅಳು ಬರುತ್ತದೆಂದೂ ಗೊತ್ತಿತ್ತು. ಆದರೆ ಹೊಟ್ಟೆಯಿಂದ ಮಾತು ಎದ್ದು ಬಂದಾಗಿತ್ತು.

"ಕಾರಟಗಿ ಗದ್ದ್ಯಾಗ ತೂಗತಾವು ಭತ್ತದ ತೆನಿ,
ಸಿದ್ದೇಶರ ಹೆಸರ ಹೇಳತೀನಿ, ಕಡಾ ತಂದದ್ದಲ್ಲ, ನನ್ನ ಸ್ವಂತ ದನಿ!"

ಮಾಳಿಗೆ ಮುಟ್ಟುವಂಥ ದನಿ. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಒಂದು ಹುಡುಗಿ ಕಿಸಕ್ಕೆಂದಳು. ಗಂಡಸರ ಜಾಗದಿಂದ ಯಾರೋ, "ಯಾವಾಂವಲೇ ಹೆಂಗಸರಾಗ ಕುಂತು ಒಡಪು ಹೇಳಾಂವ?" ಎಂದು ಕೇಳಿದರು.

"ಯಾವಾಂವ ಅಲ್ರಿ, ಯಾವಾಕಿ ಅನ್ರಿ. ಭವಾನಿ," ಎಂದು ಅವಳು ಅಲ್ಲಿಂದಲೇ ಉತ್ತರ ಕೊಟ್ಟಳು.

ವಿರೂಪಾಕ್ಷಮ್ಮನ ಮುಖ ಕೆಂಪಾಯಿತು. "ಶೇಖರಮ್ಮಾರ, ಮೌನ ಅಂದಿದ್ರಿ. ಶಿವನ ಹೆಸರಿನ್ಯಾಗ ಮೋಸ ಮಾಡಿದ್ರಿ?" ಸಿದ್ದೇಶ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದ. ಅವನು ತಾಯಿಗಿಂತ ಹೆಚ್ಚು ಕಂಗೆಟ್ಟಿದ್ದ.

"ಹಂಗಾರ ಇಷ್ಟ ದಿನ ನನ್ನ ಕೂಡ ಮಾತಾಡಿದಾಕಿ ಯಾರು?"

ಲಲಿತಾ ಅಳತೊಡಗಿದಳು. ಶೇಖರಮ್ಮ ಕೈಜೋಡಿಸಿ ಏನೋ ಹೇಳಹೋದಳು. ಭವಾನಿ ಎದ್ದು ನಿಂತಳು, ಉಡಿಯ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು.

"ದನಿ ನನ್ನ ತಂಗೀದು. ಮಾತು ಅರ್ಧ ನನ್ನವು. ನಿಮ್ಮ ಕ್ರೇನ್ ಮ್ಯಾಲೆ ಕುಂತ್ರ ಊರೆಲ್ಲಾ ಹ್ಯಾಂಗ ಕಾಣತೈತಿ ಅಂತ ಕೇಳಿದಾಕಿ ನಾನು. ಹಾಗಲಕಾಯಿ ನಂದಲ್ಲ, ಅದು ನನಗ ಸೇರಂಗೇ ಇಲ್ಲ. ನಿಮಗ ಸುಳ್ಳು ಹೇಳೀವಿ, ಅದರಾಗ ನಂದೂ ಪಾಲೈತಿ. ಸುಳ್ಳಿಗೆ ಕ್ಷಮಾ ಕೇಳತೀನಿ." ಅವಳು ಕತ್ತೆತ್ತಿ ಸಿದ್ದೇಶನನ್ನೇ ನೋಡಿದಳು. "ದನಿಗೆ ಕೇಳಂಗಿಲ್ಲ."

ಆಗ ಕರಿಬಸಪ್ಪ ಮುಂದೆ ಬಂದು ಮಗಳ ಪಕ್ಕ ನಿಂತ. ಇಡೀ ಸಭೆಗೆ ಕೇಳುವಂತೆ, "ನನ್ನ ಮಗಳ ದನಿ ಹಿಂಗ ಐತ್ರಿ. ನಾನ ಮೊದಲ ಹೇಳಬೇಕಿತ್ತು," ಎಂದ. ಭವಾನಿಗೆ ಆಗ ಕಣ್ಣು ತುಂಬಿ ಬಂತು.

ಸಿದ್ದೇಶ ಹೆಣ್ಣಿನ ಹೆಸರಿನ ಒಡಪು ಹೇಳಲಿಲ್ಲ. "ನನಗ ವಿಚಾರ ಮಾಡಾಕ ಟೈಮ್ ಬೇಕ್ರಿ," ಎಂದು ಅವಳನ್ನೇ ನೋಡಿ ಹೇಳಿದ, ಅವ್ವನನ್ನು ಕರೆದುಕೊಂಡು ಹೊರಟ. ಹೋಳಿಗೆ ಬುಟ್ಟಿ ಬುಟ್ಟಿ ಉಳಿಯಿತು. ಓಣಿಯವರೆಲ್ಲ ಬಂದು ತಿಂದು, ಆಡಿಕೊಳ್ಳುವುದನ್ನೂ ಆಡಿಕೊಂಡು ಹೋದರು.

ಅವತ್ತಿನಿಂದ ಮೌನ ಹಿಡಿದವಳು ಶೇಖರಮ್ಮ. ಖರೇ ಮೌನ! ಹಿರಿಯ ಮಗಳಿಗೆ ಏನು ಬೇಕಾದರೂ ತಾಟು ಸಪ್ಪಳ ಮಾಡಿ ತಿಳಿಸುವಳು. ಭವಾನಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದರೆ ಸುಳ್ಳಾದೀತು. ಒಂದೆರಡು ದಿನ ಅತ್ತಳು. ಅಳು ಮುಗಿದ ಮೇಲೆ ಮುಖ ತೊಳೆದು ಅಂಗಡಿಯಲ್ಲಿ ಹೋಗಿ ಕೂತಳು. "ಅಣ್ಣಾ" ಎಂದ ಗಿರಾಕಿಗೆ "ಅಕ್ಕಾ ಅನ್ರಿ, ಏನ್ ಕೊಡ್ಲಿ?" ಎಂದು ನಗುತ್ತ ಬೆಲ್ಲ ತೂಗಿದಳು. ಮೊದಮೊದಲು ಮಕ್ಕಳು ಅವಳಂತೆ ಮಾತಾಡಿ ಅಣಕಿಸಿದವು. ಅವಳು ತಾನೇ ಇನ್ನೂ ದಪ್ಪ ದನಿ ತೆಗೆದು "ಪೆಪ್ಪರಮೆಂಟ್ ಬೇಕೇನಲೇ?" ಎಂದಾಗ ಕೇಕೆ ಹಾಕಿ ನಕ್ಕವು. ಗಂಗಾವತಿಯ ಅಂಗಡಿಯವರಿಬ್ಬರು ತಮ್ಮ ಪ್ರಚಾರಕ್ಕೂ ಅದೇ ದನಿ ಬೇಕೆಂದು ಯೂಸುಫನನ್ನು ಕೇಳಿದರು. ತನ್ನ ಹೆಸರು ಸೇರಿಸಿದರೆ ಮಾತ್ರ ಎಂದಳು ಭವಾನಿ.

ಒಂದು ಸಂಜೆ ಒಳಗೆ ಮೊಬೈಲು ಬಡಿದುಕೊಂಡಿತು. ಶೇಖರಮ್ಮ ಸೊಂಟದಿಂದ ತೆಗೆದು ಹೆಸರು ನೋಡಿದಳು. ಲಲಿತಾಳನ್ನು ನೋಡಿದಳು. ಆಮೇಲೆ ಅಂಗಡಿಗೆ ನಡೆದು ಬಂದು, ಭವಾನಿಯ ಮುಂದೆ ಹಿಡಿದಳು. "ತಗೋ. ನಿನಗ ಬಂದೈತಿ," ಎಂದಳು. ಹದಿನೈದು ದಿನದಲ್ಲಿ ಹಿರಿಯ ಮಗಳ ಕೂಡ ಅವಳಾಡಿದ ಮೊದಲ ಮಾತದು.

"ಹಲೋ."

ಆ ಕಡೆ ಕಾರ್ಖಾನೆಯ ಗದ್ದಲ. ಸಿದ್ದೇಶ ತಡೆದು ತಡೆದು ಕೇಳಿದ, "ಭವಾನಿಯವರನ?"

"ಅಲ್ಲಂದ್ರ ನಂಬತೀರೇನು?"

ಅವನು ನಕ್ಕ. ನಕ್ಕಿದ್ದು ಕೇಳಿ ಭವಾನಿಗೆ ಜೀವ ಬಂದಂತಾಯಿತು. "ಅವ್ವ ಇನ್ನೂ ಸಿಟ್ಟಿನ್ಯಾಗ ಅದಾಳ. ಆದ್ರ ದಿನಾ ನಿಮ್ಮ ಒಡಪ ಹೇಳತಾಳ್ರಿ. ಹೇಳಿ ಹೇಳಿ ಬೈತಾಳ. ನನಗೂ ಸಿಟ್ಟಿತ್ತು. ಫೋನಿನ್ಯಾಗ ಮಾತಾಡಿದಾಕಿನ್ನ ನೆನಸಿಕೊಂಡ್ರ ಹಾಗಲಕಾಯಿ ನೆನಪಾಗತೈತಿ. ಎದ್ದು ನಿಂತು ಮಾತಾಡಿದಾಕಿ ಮಾತ್ರ ತಲ್ಯಾಗಿಂದ ಹೋಗವಲ್ಲಳು." ಆಮೇಲೆ ತಾನೇ ನೆನಪಿಸಿದ, "ನಂದೊಂದು ಬಾಕಿ ಉಳಿದಿತ್ತಲ್ರಿ ಅವತ್ತ."

ಪಾಳಿ ಬದಲಾಗುವ ಹೊತ್ತು, ಜೊತೆಯವರೆಲ್ಲ ಸುತ್ತ ನಿಂತಿರಬೇಕು. ದನಿ ತಗ್ಗಿಸಿ, ನಾಚಿಕೊಂಡು, ಅವನು ಗೊಣಗಿದ.

"ಮಂಗಳೂರ ಮನ್ಯಾಗ ಹಚ್ಚೀವಿ ದೀಪ, ಭವಾನಿ ಹೆಸರ ಹೇಳತೀನಿ, ಬಿಟ್ಟೀನಿ ಕೋಪ."

ಭವಾನಿಗೆ ಪ್ರತಿ ಅಕ್ಷರವೂ ಕೇಳಿಸಿತ್ತು. ಅವಳು ಅಂಗಡಿಯ ಮೆಟ್ಟಿಲಿಳಿದು ಓಣಿಯ ನಟ್ಟನಡುವೆ ಬಂದು ನಿಂತಳು. ಬಾಷಾಬಿ ಹೊಲಿಗೆ ಬಿಟ್ಟು ಕಿಟಕಿಗೆ ಬಂದಳು, ಅಜ್ಜಿ ಕಟ್ಟೆಗೆ ಬಂದಳು, ಶೇಖರಮ್ಮ ಬಾಗಿಲು ಹಿಡಿದು ನಿಂತಳು. ಭವಾನಿ ಎದೆ ತುಂಬ ಉಸಿರು ಎಳೆದುಕೊಂಡಳು.

"ಜೋರಾಗಿ ಹೇಳ್ರೀ! ನಮ್ಮ ಓಣಿಗೆ ಕೇಳಸಲಿಲ್ಲ!"